ಹೆಬ್ಬೆಟ್ಟಿಗೆ ಬಗ್ಗದ ಟೈರು

ಜುಲೈ ತಿಂಗಳ ಒಂದು ಭಾನುವಾರ, ನಾನಿನ್ನೂ ಶಟರ್ ಪೂರ್ತಿ ಎತ್ತಿರಲಿಲ್ಲ, ಹೆಂಗಸೊಬ್ಬರು ಸಾರಕ್ಕಿ ಸಿಗ್ನಲ್ ಕಡೆಯಿಂದ ರೋಡ್ ಬೈಕ್ ತಳ್ಳಿಕೊಂಡು ಬಂದು ನನ್ನ ಅಂಗಡಿ ಮುಂದೆ ನಿಂತರು. ಬಾಗಿದ ಹ್ಯಾಂಡಲ್ಲಿನ, ತೆಳು ಚಕ್ರದ ಒಳ್ಳೆಯ ಸೈಕಲ್ಲು. ಹಿಂದಿನ ಟೈರು ನೆಲಕ್ಕೆ ಕೂತುಬಿಟ್ಟಿತ್ತು. ಆಕೆಗೆ ಅರವತ್ತು ದಾಟಿರಬೇಕು. ಸಣ್ಣ ಮೈಕಟ್ಟು, ಹೆಲ್ಮೆಟ್ಟಿನ ಕೆಳಗೆ ಎಣ್ಣೆ ಹಾಕಿ ಬಿಗಿದು ಹೆಣೆದ ಜಡೆ.

"ಈ ತಿಂಗಳಲ್ಲಿ ಇದು ನಾಲ್ಕನೇ ಪಂಕ್ಚರ್ ಕಣಪ್ಪ," ಎಂದರು. "ಪ್ಯಾಚ್ ಹಾಕಿ ಹಾಕಿ ಸಾಕಾಯ್ತು. ಟೈರೇ ಬದಲಾಯಿಸ್ಬಿಡು. ಎರಡು ವಿಷಯ ನೋಡ್ಕೋ ಸಾಕು. ಒಂದು, ಪಂಕ್ಚರ್ ಆಗ್ಬಾರ್ದು. ಇನ್ನೊಂದು, ಕೈ ಜುಮ್ಮನ್ನಬಾರ್ದು. ನಲವತ್ತು ಕಿಲೋಮೀಟರ್ ಆಗ್ತಿದ್ದ ಹಾಗೆ ಬೆರಳೆಲ್ಲ ಜುಮ್ ಅನ್ನುತ್ತೆ."

ಮೊದಲನೆಯದು ನನ್ನ ಕಿವಿಗೆ ಬಿತ್ತು. ಎರಡನೆಯದು ಬಿದ್ದರೂ ಒಳಗೆ ಇಳಿಯಲಿಲ್ಲ. ವಯಸ್ಸಾದವರು, ಕೈಕಾಲು ಜುಮ್ಮನ್ನುವುದು ಇದ್ದದ್ದೇ ಎಂದುಕೊಂಡೆ. ಆ ಉಡಾಫೆಯನ್ನು ಈಗ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಆಕೆ ಜಯನಗರದ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಗಣಿತ ಪಾಠ ಮಾಡಿ ನಿವೃತ್ತರಾದವರು. ಮೊದಲ ದಿನದಿಂದ ನಾನು ಅವರನ್ನು ಮೇಡಂ ಎಂದೇ ಕರೆದೆ. ಬೆಳಗಿನ ಹೊತ್ತು ಜೆ.ಪಿ. ನಗರದಿಂದ ಕನಕಪುರ ರಸ್ತೆಯ ಕಡೆ ಹೋಗುವ ಸವಾರರ ಗುಂಪೊಂದಿದೆ. ಅದರಲ್ಲಿ ಇವರೇ ಹಿರಿಯರು. ಆ ಗುಂಪಿನವರು ಪ್ರತಿ ಜನವರಿ ಮಳವಳ್ಳಿಗೆ ಹೋಗಿ ಬರುತ್ತಾರೆ. ಒಟ್ಟು ಇನ್ನೂರು ಕಿಲೋಮೀಟರು. ಬೆಳಿಗ್ಗೆ ಐದೂವರೆಗೆ ಹೊರಟು ಸಂಜೆ ಏಳರೊಳಗೆ ಮುಗಿಸಬೇಕು. ಹಿಂದಿನ ಜನವರಿಯಲ್ಲಿ ಮೇಡಂ ಹಲಗೂರಿನ ಹತ್ತಿರ ಒಂದರ ಹಿಂದೆ ಒಂದು ಪಂಕ್ಚರಾಗಿ ಕೂತುಬಿಟ್ಟರಂತೆ. ಇದ್ದ ಒಂದು ಟ್ಯೂಬ್ ಮೊದಲನೆಯದಕ್ಕೇ ಮುಗಿಯಿತು. ಟೊಮೇಟೊ ಕ್ರೇಟು ತುಂಬಿದ್ದ ಗೂಡ್ಸ್ ಆಟೋದಲ್ಲಿ ಸೈಕಲ್ ಮಲಗಿಸಿಕೊಂಡು ವಾಪಸ್ಸು ಬಂದರಂತೆ.

"ಲೆಕ್ಕ ಅರ್ಧಕ್ಕೆ ಬಿಡಬೇಡಿ ಅಂತ ಮಕ್ಕಳಿಗೆ ಬೈದು ಬೈದು ರಿಟೈರ್ ಆದೋಳು ನಾನು," ಎಂದರು ನಗುತ್ತಾ. "ಈಗ ನಂದೇ ಅರ್ಧಕ್ಕೆ ನಿಂತಿದೆ. ಬರೋ ಜನವರಿ ಮುಗಿಸ್ಲೇಬೇಕು."

"ನಾನು ಟೈರ್ ಹಾಕಿದ್ಮೇಲೆ ಪಂಕ್ಚರ್ ಮಾತೇ ಇಲ್ಲ ಮೇಡಂ," ಎಂದೆ.

ಈ ಧೈರ್ಯ ನನಗೆ ಅಪ್ಪನಿಂದ ಬಂದದ್ದು. ಸಾರಕ್ಕಿ ಇನ್ನೂ ಹಳ್ಳಿಯಾಗಿದ್ದಾಗ, ನಮ್ಮ ಸೊಪ್ಪಿನ ತೋಟ ಸೈಟುಗಳಾಗುತ್ತಿದ್ದ ಕಾಲದಲ್ಲಿ, ಅಪ್ಪ ಇದೇ ಜಾಗದಲ್ಲಿ ಬಾಡಿಗೆ ಸೈಕಲ್ ಅಂಗಡಿ ಇಟ್ಟಿದ್ದರು. ಬಾಡಿಗೆ ಸೈಕಲ್ಲಿಗೆ ಗಾಳಿ ಹಾಕಿ ಹೆಬ್ಬೆಟ್ಟಿನಿಂದ ಒತ್ತಿ ನೋಡುವುದು ಅವರ ಪದ್ಧತಿ. ಹೆಬ್ಬೆಟ್ಟು ಒಂದು ಚೂರು ಇಳಿದರೂ ಮತ್ತೆ ಪಂಪು. ಗಾಳಿ ಕಮ್ಮಿ ಇದ್ದರೆ ಗುಂಡಿಗೆ ಬಿದ್ದಾಗ ಟ್ಯೂಬು ರಿಮ್ಮಿಗೂ ನೆಲಕ್ಕೂ ನಡುವೆ ಸಿಕ್ಕಿಕೊಳ್ಳುತ್ತದೆ, ಹಾವು ಕಚ್ಚಿದ ಹಾಗೆ ಪಕ್ಕಪಕ್ಕದಲ್ಲಿ ಎರಡು ತೂತು ಬೀಳುತ್ತದೆ. ಮೂರು ಮೂರು ಜನ ಏರಿಕೊಂಡು ಹೋಗುತ್ತಿದ್ದ ಬಾಡಿಗೆ ಸೈಕಲ್ಲಿಗೆ ಅಪ್ಪನ ಪದ್ಧತಿ ಸರಿಯಾಗಿಯೇ ಇತ್ತು. ಟೈರು ಕಲ್ಲಿನ ಹಾಗಿರಬೇಕು ಎಂಬುದನ್ನು ನಾನು ಅವರಿಂದ ಕಲಿತೆ. ಯಾರಿಗೆ, ಯಾವ ಸೈಕಲ್ಲಿಗೆ ಎಂದು ಕೇಳುವುದನ್ನು ಮಾತ್ರ ಕಲಿಯಲಿಲ್ಲ.

ಮೇಡಂ ಸೈಕಲ್ಲಿಗೆ ನನ್ನ ಮುಂದೆ ಎರಡು ಜೋಡಿ ಟೈರುಗಳಿದ್ದವು. ಒಂದು, ಇಪ್ಪತ್ತೈದು ಮಿಲಿಮೀಟರ್ ಅಗಲದ್ದು. ಅಂಚಿನಲ್ಲಿ ಉಕ್ಕಿನ ತಂತಿ, ನೆಲ ಮುಟ್ಟುವ ರಬ್ಬರಿನ ಕೆಳಗೆ ದಪ್ಪನೆಯ ಪಂಕ್ಚರ್ ಪಟ್ಟಿ, ಪಕ್ಕದ ಗೋಡೆಯೂ ದಪ್ಪ. ಕೈಯಲ್ಲಿ ಹಿಸುಕಿದರೆ ಹಿಸುಕಿದವನ ಬೆರಳೇ ನೋಯಬೇಕು. ಇನ್ನೊಂದು, ಇಪ್ಪತ್ತೆಂಟು ಮಿಲಿಮೀಟರಿನದ್ದು. ಅದನ್ನು ಟೈರಿನ ಏಜೆಂಟ್ ಒಬ್ಬ ಸ್ಯಾಂಪಲ್ ಎಂದು ಆ ತಿಂಗಳೇ ಬಿಟ್ಟುಹೋಗಿದ್ದ. ಟೈರಿನ ರಬ್ಬರಿನ ಒಳಗೆ ಬಟ್ಟೆಯ ಹಾಗೆ ನೂಲಿರುತ್ತದೆ. ನೂಲು ಸಣ್ಣದಾಗಿ ಒತ್ತೊತ್ತಾಗಿದ್ದರೆ ಟೈರು ಮಣಿಯುತ್ತದೆ, ದಪ್ಪ ನೂಲಿದ್ದರೆ ಬಿರುಸಾಗಿರುತ್ತದೆ. ಮೊದಲನೆಯದು ಗೋಣಿತಾಟಾದರೆ ಎರಡನೆಯದು ನವಿರಾದ ಮಲ್ಲು ಪಂಚೆ. ಎರಡನೆಯದರಲ್ಲೂ ಪಂಕ್ಚರ್ ಪಟ್ಟಿ ಇತ್ತು, ಆದರೆ ತೆಳ್ಳಗೆ. ಮಡಿಸಿದರೆ ಅಂಗೈಯಲ್ಲಿ ಹಿಡಿಸುತ್ತಿತ್ತು.

ಏಜೆಂಟ್ ಹುಡುಗನಲ್ಲ, ನನ್ನದೇ ವಯಸ್ಸಿನವನು, ಬಿ.ಟಿ.ಎಂ. ಲೇಔಟಿನಲ್ಲಿ ಗೋಡೌನ್ ಇಟ್ಟವನು. ಆ ದಿನ ಅವನು ಹೇಳಿದ್ದ, "ಅಣ್ಣ, ಈಗೆಲ್ಲ ಅಗಲ ಟೈರು, ಕಮ್ಮಿ ಗಾಳಿ. ಓಡಿಸೋರ ತೂಕ ಕೇಳಿ ಗಾಳಿ ಹಾಕ್ಬೇಕು. ರೋಡಿನ ಏಟು ಕೈಗೆ ಬರಲ್ಲ, ಟೈರೇ ತಿಂದ್ಕೊಳ್ಳುತ್ತೆ."

"ತೂಕ ಕೇಳಕ್ಕೆ ನಾನೇನು ಡಾಕ್ಟ್ರಾ ಗುರು?" ಎಂದು ಅವನನ್ನು ಸಾಗಹಾಕಿದ್ದೆ. ಜೋಡಿಯನ್ನು ಮೊಳೆಗೆ ನೇತುಹಾಕಿದ್ದೆ.

ಆದರೂ ಅಳೆದು ನೋಡುವ ನಿಯಮ ತಪ್ಪಲಿಲ್ಲ. ಬ್ರೇಕಿನ ಕೆಳಗೆ, ಫೋರ್ಕಿನ ಸಂದಿಯಲ್ಲಿ ಜಾಗ ಎಷ್ಟಿದೆ ಎಂದು ನಾಲ್ಕು ಮಿಲಿಮೀಟರಿನ ಅಲೆನ್ ಕೀ ತೂರಿಸಿ ಅಳೆದೆ. ಇಪ್ಪತ್ತೆಂಟು ಸಲೀಸಾಗಿ ಹಿಡಿಸುತ್ತಿತ್ತು. ಮೊಳೆಯಿಂದ ಇಳಿಸಿ ಕೈಯಲ್ಲಿ ಹಿಡಿದು ನೋಡಿದೆ. ಮೆತ್ತಗೆ ಚಪಾತಿ ಹಿಟ್ಟಿನ ಹಾಗೆ ಕಂಡಿತು. ಸಾರಕ್ಕಿಯಿಂದ ಬನಶಂಕರಿ ದೇವಸ್ಥಾನದವರೆಗೆ ರಸ್ತೆ ಪಕ್ಕ ಬಿದ್ದಿರುವ ಬಾಟಲ್ ಚೂರು, ಕೇಬಲ್ ತಂತಿ, ಲಾರಿ ಟೈರಿನಿಂದ ಉದುರಿದ ಉಕ್ಕಿನ ಎಳೆ, ಇವೆಲ್ಲ ನನ್ನ ಕಣ್ಣ ಮುಂದೆ ಬಂದವು. ಹಲಗೂರಿನಲ್ಲಿ ಮೇಡಂ ಕೂತಿದ್ದ ಚಿತ್ರವೂ ಬಂತು. ಇಪ್ಪತ್ತೈದರ ಬಿರುಸು ಜೋಡಿಯನ್ನೇ ಹಾಕಿದೆ.

ಟೈರಿನ ಪಕ್ಕದ ಗೋಡೆಯ ಮೇಲೆ ಗಾಳಿಯ ಒತ್ತಡ ಗರಿಷ್ಠ ನೂರಾಹದಿನೈದು ಪಿಎಸ್‌ಐ ಎಂದು ಅಚ್ಚಾಗಿತ್ತು. ಅದಕ್ಕಿಂತ ಮೀರಬೇಡ ಎಂಬುದು ಅದರ ಅರ್ಥ. ನಾನು ಓದಿಕೊಂಡದ್ದು ಹತ್ತಿರ ಹತ್ತಿರ ಅಷ್ಟೇ ಹಾಕು ಎಂದು. ನೂರಾಹತ್ತು ಹಾಕಿದೆ. ಹೆಬ್ಬೆಟ್ಟು ಒತ್ತಿದೆ, ಇಳಿಯಲಿಲ್ಲ. ಆಮೇಲೆ ನನ್ನ ಪದ್ಧತಿಯಂತೆ ಸೈಕಲ್ ಹತ್ತಿ ನಮ್ಮ ಬೀದಿಯಲ್ಲಿ ಒಂದು ಸುತ್ತು ಹೊಡೆದೆ. ನೀರಿನ ಪೈಪಿಗಾಗಿ ಅಗೆದು ಜಲ್ಲಿ ಸುರಿದು ಮುಚ್ಚಿದ್ದ ಜಾಗದ ಮೇಲೂ ಹಾಯಿಸಿದೆ. ಏನೂ ತೊಂದರೆ ಇಲ್ಲ, ಆರಾಮಾಗಿದೆ ಎನಿಸಿತು. ನಾನು ಎಂಬತ್ತಾರು ಕೆಜಿ. ಮೇಡಂ ನಲವತ್ತಾರು. ಆ ವ್ಯತ್ಯಾಸ ನನಗೆ ಆಗ ಹೊಳೆಯಲೇ ಇಲ್ಲ.

"ಪ್ರತಿ ಶನಿವಾರ ನೂರಾಹತ್ತಕ್ಕೆ ಗಾಳಿ ಹಾಕ್ಕೊಳ್ಳಿ," ಎಂದು ಹೇಳಿ ಕಳಿಸಿದೆ.

ಆಗಸ್ಟ್ ಹೋಯಿತು, ಸೆಪ್ಟೆಂಬರ್ ಹೋಯಿತು, ಒಂದೂ ಪಂಕ್ಚರ್ ಇಲ್ಲ. ಮೇಡಂ ಆಗಾಗ ಬಂದು ಸೈಕಲ್ ತೋರಿಸುತ್ತಿದ್ದರು. ನಾನು ಟೈರಿನ ಮೇಲೆ ಸೂಜಿ ಆಡಿಸಿ ಅಕ್ಕಿ ಕಾಳಿನಷ್ಟು ಗಾಜಿನ ಚೂರುಗಳನ್ನು ಕಿತ್ತು ಅಂಗೈಯಲ್ಲಿಟ್ಟು ತೋರಿಸುತ್ತಿದ್ದೆ. "ನೋಡಿ ಮೇಡಂ, ಬೇರೆ ಟೈರಾಗಿದ್ರೆ ಇದು ಟ್ಯೂಬಿಗೆ ಹೋಗ್ಬಿಡ್ತಿತ್ತು." ಆಕೆ ಕನ್ನಡಕ ಏರಿಸಿ ನೋಡಿ ತಲೆದೂಗುತ್ತಿದ್ದರು. ಹೊಗಳಿಸಿಕೊಳ್ಳುವ ಚಪಲ ನನಗೆ ಕಮ್ಮಿ ಇಲ್ಲ.

ಕೈ ಮಾತ್ರ ಜುಮ್ಮನ್ನುತ್ತಲೇ ಇತ್ತು. ಅದಕ್ಕೆ ನಾನು ಮಾಡದ ಚಿಕಿತ್ಸೆ ಇಲ್ಲ. ಮೊದಲು ಅಂಗೈಗೆ ಜೆಲ್ ಇರುವ ಗ್ಲೌಸ್ ತರಿಸಿಕೊಟ್ಟೆ. ಆಮೇಲೆ ಹ್ಯಾಂಡಲ್ಲಿಗೆ ಎರಡು ಸುತ್ತು ಟೇಪ್ ಸುತ್ತಿದೆ. ಹ್ಯಾಂಡಲ್ಲನ್ನು ಫ್ರೇಮಿಗೆ ಹಿಡಿದಿಡುವ ತುಂಡನ್ನು ಬದಲಾಯಿಸಿ ಹ್ಯಾಂಡಲ್ಲನ್ನು ಒಂದಿಂಚು ಹತ್ತಿರ ತಂದೆ, ಸ್ವಲ್ಪ ಮೇಲಕ್ಕೆತ್ತಿದೆ. ಭಾರ ಕೈಮೇಲೆ ಬೀಳದಿರಲೆಂದು ಸೀಟಿನ ಮೂಗನ್ನು ಮಟ್ಟಸಮಾಡಿದೆ. ಪ್ರತಿ ಸಲವೂ ಒಂದು ವಾರ ಪರವಾಗಿಲ್ಲ ಎನ್ನುತ್ತಿದ್ದರು, ಆಮೇಲೆ ಅದೇ ರಾಗ. ಟೈರನ್ನು ಮಾತ್ರ ನಾನು ಅನುಮಾನಿಸಲಿಲ್ಲ. ಅದು ಪರೀಕ್ಷೆಯಲ್ಲಿ ನೂರಕ್ಕೆ ನೂರು ತೆಗೆದ ಮಗು, ಅದರ ಮೇಲೆ ಯಾರು ಕೈ ಎತ್ತುತ್ತಾರೆ?

ಅಕ್ಟೋಬರಿನಲ್ಲಿ ಒಂದು ದಿನ ಮೇಡಂ ಕೇಳಿದರು, "ನಮ್ಮ ಗುಂಪಲ್ಲಿ ಒಬ್ರು ಹೇಳಿದ್ರಪ್ಪ, ಗಾಳಿ ಜಾಸ್ತಿ ಆಯ್ತು ಅಂತ. ಸ್ವಲ್ಪ ಇಳಿಸಿ ನೋಡ್ಲಾ?"

ನನಗೆ ಮೂಗಿನ ತುದಿಯಲ್ಲೇ ಕೋಪ. "ಹೇಳೋರು ಹೇಳ್ತಾರೆ ಮೇಡಂ. ಗುಂಡಿಗೆ ಬಿದ್ದು ಟ್ಯೂಬ್ ಕಚ್ಚಿಕೊಂಡ್ರೆ ಅವ್ರು ಬಂದು ಪ್ಯಾಚ್ ಹಾಕ್ತಾರಾ? ಗಾಳಿ ಒಂದು ಮಾತ್ರ ಮುಟ್ಬೇಡಿ."

"ಸರಿ ಬಿಡು, ನಿನ್ನ ಸಬ್ಜೆಕ್ಟು, ನಿನಗೆ ಗೊತ್ತಿರುತ್ತೆ," ಎಂದರು.

ಬೇರೆ ಗಿರಾಕಿಗಳಾಗಿದ್ದರೆ ನನ್ನೆದುರು ಹೂಂ ಎಂದು ಮನೆಗೆ ಹೋಗಿ ತಮಗೆ ತೋಚಿದಂತೆ ಮಾಡಿಕೊಳ್ಳುತ್ತಿದ್ದರು. ಇವರು ಮೇಷ್ಟರ ಜಾತಿ. ತಿಳಿದವರು ಹೇಳಿದರೆಂದರೆ ಮುಗಿಯಿತು. ಮನೆಯಲ್ಲಿ ಮೀಟರಿರುವ ಪಂಪ್ ಇಟ್ಟುಕೊಂಡು, ಪ್ರತಿ ಶನಿವಾರ ಸಂಜೆ ಮುಳ್ಳು ನೂರಾಹತ್ತಕ್ಕೆ ಬರುವ ತನಕ ಒತ್ತುತ್ತಿದ್ದರು.

ಡಿಸೆಂಬರ್ ಕೊನೆಯ ಭಾನುವಾರ. ಮಳವಳ್ಳಿ ಸವಾರಿಗೆ ಹದಿಮೂರು ದಿನ ಉಳಿದಿತ್ತು. ಮೇಡಂ ಅಂದು ಸಾತನೂರಿನವರೆಗೆ ಹೋಗಿ ಬರುವ ತಾಲೀಮು ಮುಗಿಸಿ ಮಧ್ಯಾಹ್ನ ನಮ್ಮ ಬೀದಿಗೆ ತಿರುಗಿದರು. ನಾನು ಒಳಗೆ ಕೂತು ಚೈನ್ ತೊಳೆಯುತ್ತಿದ್ದೆ. ಅವರನ್ನು ನೋಡುವ ಮೊದಲೇ ಅವರು ಬಂದದ್ದು ನನಗೆ ಗೊತ್ತಾಯಿತು. ಅವರ ಹ್ಯಾಂಡಲ್ಲಿನಲ್ಲಿ ಸಣ್ಣ ಹಿತ್ತಾಳೆ ಗಂಟೆಯೊಂದಿತ್ತು. ಜಲ್ಲಿ ಮುಚ್ಚಿದ ಜಾಗಕ್ಕೆ ಬಂದಾಗ ಅದು ಟಿಣ್ ಟಿಣ್ ಟಿಣ್ ಎಂದು ಬಡಿದುಕೊಂಡಿತು.

"ಯಾರೂ ಅಡ್ಡ ಇಲ್ವಲ್ಲ ಮೇಡಂ, ಯಾಕೆ ಬೆಲ್ ಹೊಡೀತೀರಾ?" ಎಂದೆ.

"ನಾನೆಲ್ಲಿ ಹೊಡೆದೆ? ತಾನಾಗೇ ಹೊಡ್ಕೊಳ್ಳುತ್ತೆ. ಸಾತನೂರಿಂದ ಇಲ್ಲೀವರೆಗೂ ಹೊಡ್ಕೊಂಡೇ ಬಂತು."

ನಾನು ಸೈಕಲ್ ತೆಗೆದುಕೊಂಡು ಅದೇ ಜಲ್ಲಿಯ ಮೇಲೆ ಹೋಗಿ ಬಂದೆ. ಗಂಟೆ ಸುಮ್ಮನಿತ್ತು. ಇನ್ನೊಮ್ಮೆ ಜೋರಾಗಿ ಹೋದೆ. ಒಮ್ಮೆ ಟಿಣ್ ಎಂದಿತು, ಅಷ್ಟೆ. "ಮೇಡಂ, ನೀವೊಂದ್ಸಲ ಹೋಗಿ ಬನ್ನಿ," ಎಂದೆ. ಅವರು ಹತ್ತಿದ ಕೂಡಲೇ ಅದು ದೇವರ ಮನೆಯ ಗಂಟೆಯ ಹಾಗೆ ಶುರುವಾಯಿತು. ಹ್ಯಾಂಡಲ್ಲಿನ ಮೇಲಿದ್ದ ಅವರ ಮುಂಗೈ ನಡುಗುತ್ತಿರುವುದು ನನಗೆ ಹತ್ತು ಹೆಜ್ಜೆ ದೂರದಿಂದಲೇ ಕಂಡಿತು. ಐದು ತಿಂಗಳಲ್ಲಿ ನಾನು ಅವರು ಓಡಿಸುವುದನ್ನು ನಿಂತು ನೋಡಿದ್ದು ಅದೇ ಮೊದಲು.

ಹೆಂಡತಿ ಹೊಸ್ತಿಲ ಬಳಿ ಇಟ್ಟಿದ್ದ ರಂಗೋಲಿ ಡಬ್ಬಿ ತಂದು ಅಂಗಡಿಯ ಕಪ್ಪು ನೆಲದ ಮೇಲೆ ಪುಡಿಯನ್ನು ತೆಳ್ಳಗೆ ಉದುರಿಸಿದೆ. ಮೇಡಂ ಶಟರಿನ ಕಂಬ ಹಿಡಿದು ಸೈಕಲ್ ಮೇಲೆ ಕೂತರು. ಮುಂದಿನ ಚಕ್ರವನ್ನು ಪುಡಿಯ ಮೇಲೆ ಇಳಿಸಿ ಎತ್ತಿದೆ. ಪುಡಿಯಲ್ಲಿ ಬಿದ್ದ ಗುರುತು ಒಂದು ಹುಣಸೆ ಬೀಜದಷ್ಟು. ಆಮೇಲೆ ನಾನು ಕೂತು ಅದೇ ಚಕ್ರ ಇಳಿಸಿ ನೋಡಿದೆ. ಗುರುತು ಅದರ ಎರಡರಷ್ಟು ಉದ್ದ. ನನ್ನ ಭಾರಕ್ಕೆ ಟೈರು ಅಷ್ಟೋ ಇಷ್ಟೋ ಮಣಿಯುತ್ತಿತ್ತು. ಅವರ ಭಾರಕ್ಕೆ ಮಣಿಯುತ್ತಲೇ ಇರಲಿಲ್ಲ. ಕಬ್ಬಿಣದ ಬಳೆಯ ಮೇಲೆ ಅವರನ್ನು ಕೂರಿಸಿ ಐದು ತಿಂಗಳು ಕನಕಪುರ ರಸ್ತೆಯಲ್ಲಿ ಓಡಿಸಿದ್ದೆ. ರಸ್ತೆಯ ಪ್ರತಿಯೊಂದು ಕಲ್ಲೂ ನೇರವಾಗಿ ಅವರ ಮಣಿಕಟ್ಟಿಗೆ ಹೋಗಿತ್ತು.

"ಏನಪ್ಪ ಇದು, ಸೈಕಲ್ಲಿಗೂ ರಂಗೋಲಿ?" ಎಂದರು ಮೇಡಂ.

"ಚಕ್ರ ನೆಟ್ಟಗಿದ್ಯಾ ನೋಡ್ತಿದೀನಿ," ಎಂದೆ.

"ನೋಡಿರು. ನಾನು ಮಾರ್ಕೆಟ್ಟಿಗೆ ಹೋಗಿ ಅವರೆಕಾಯಿ ತಗೊಂಡು ಬರ್ತೀನಿ. ಅರ್ಧ ಗಂಟೆ."

ಆ ಅರ್ಧ ಗಂಟೆಯನ್ನು ನಾನು ಎಷ್ಟು ಸಲ ನೆನೆಸಿಕೊಂಡಿದ್ದೇನೋ ಲೆಕ್ಕವಿಲ್ಲ. ಮೊಳೆಯಿಂದ ಇಪ್ಪತ್ತೆಂಟರ ಜೋಡಿಯನ್ನು ಇಳಿಸಿ ಧೂಳು ಒರೆಸಿದೆ. ಮುಂದಿನ ಚಕ್ರ ಬಿಚ್ಚಿ, ಗಾಳಿ ಬಿಟ್ಟು, ಟೈರು ಕಳಚುವ ಲಿವರನ್ನು ರಿಮ್ಮಿನ ಅಂಚಿಗೆ ತೂರಿಸಿದೆ. ಅಲ್ಲಿಗೆ ಕೈ ನಿಂತಿತು. ಹೊಸ ಟೈರು ಹಾಕಿ, ಅದು ಎಲ್ಲೋ ಹಲಗೂರಿನಲ್ಲಿ ಪಂಕ್ಚರಾದರೆ? ದೊಡ್ಡ ಸವಾರಿಗೆ ಮುಂಚೆ ಏನನ್ನೂ ಬದಲಾಯಿಸಬಾರದೆಂದು ನಾನೇ ಎಲ್ಲರಿಗೂ ಹೇಳುತ್ತೇನೆ. ಐದು ತಿಂಗಳು ಒಂದೂ ಪಂಕ್ಚರಾಗದ ಟೈರನ್ನು ಬಿಚ್ಚಿ ಸ್ಯಾಂಪಲ್ ಟೈರು ಹಾಕಿ ಕಳಿಸಿ, ಅವರು ಮತ್ತೆ ಗೂಡ್ಸ್ ಆಟೋದಲ್ಲಿ ಬಂದರೆ ಯಾವ ಮುಖ ಇಟ್ಟುಕೊಂಡು ಮಾತಾಡಲಿ? ಹದಿಮೂರು ದಿನ ತಾನೇ. ಒಂದು ಸವಾರಿ ತಾನೇ. ಮುಗಿಸಿಕೊಂಡು ಬರಲಿ, ಆಮೇಲೆ ಬದಲಾಯಿಸೋಣ.

ಹೀಗೆಲ್ಲ ಯೋಚಿಸಿದ್ದು ನಿಜ. ಅದರ ಅಡಿಯಲ್ಲಿ ಇನ್ನೊಂದು ಇತ್ತು, ಅದನ್ನೂ ಬರೆಯುತ್ತೇನೆ. ಈಗ ಟೈರು ಬದಲಾಯಿಸಿದರೆ ಯಾಕೆ ಎಂದು ಕೇಳುತ್ತಾರೆ. ಗಾಳಿ ಮುಟ್ಟಬೇಡಿ ಎಂದು ಗದರಿದ್ದವನು ನಾನು. ತಪ್ಪಾಯಿತು ಎನ್ನಬೇಕಾಗುತ್ತಿತ್ತು. ಅದಕ್ಕೆ ನನಗೆ ಬಾಯಿ ಬರಲಿಲ್ಲ.

ಲಿವರ್ ತೆಗೆದೆ. ಚಕ್ರವನ್ನು ವಾಪಸ್ಸು ಹಾಕಿದೆ. ಗಾಳಿಯನ್ನಾದರೂ ಕಮ್ಮಿ ಮಾಡೋಣವೆಂದು ಎರಡೂ ಚಕ್ರಗಳನ್ನು ಎಂಬತ್ತಕ್ಕೆ ನಿಲ್ಲಿಸಿದೆ. ಮೇಡಂ ಅವರೆಕಾಯಿ ಚೀಲ ಹಿಡಿದು ಬಂದಾಗ ನೆಲದ ಮೇಲಿದ್ದ ಲಿವರ್ ನೋಡಿದರು.

"ಚಕ್ರ ಬಿಚ್ಚಿದ್ಯಾ?"

"ಬೇರಿಂಗ್ ನೋಡ್ದೆ ಮೇಡಂ. ಚೆನ್ನಾಗಿದೆ."

ಮುಂದಿನ ಶನಿವಾರ ಸಂಜೆ ಅವರು ಎಂದಿನಂತೆ ಪಂಪ್ ಹಿಡಿದಿದ್ದಾರೆ. ಮುಳ್ಳು ಎಂಬತ್ತು ತೋರಿಸಿದ್ದು ಕಂಡು ಗಾಳಿ ಸೋರಿದೆ ಎಂದುಕೊಂಡು ನೂರಾಹತ್ತಕ್ಕೆ ಏರಿಸಿದ್ದಾರೆ. ನಾನು ಹೇಳಿರಲಿಲ್ಲವಲ್ಲ. ಸವಾರಿಗೆ ಹಿಂದಿನ ಸಂಜೆಯೂ ಹಾಗೆಯೇ. ಇದು ನನಗೆ ಗೊತ್ತಾದದ್ದು ಎಷ್ಟೋ ತಿಂಗಳಾದ ಮೇಲೆ.

ಸವಾರಿಯ ದಿನ ನಾನು ಅಂಗಡಿ ಬೇಗ ಮುಚ್ಚಿ ಅದು ಮುಗಿಯುವ ಜಾಗದಲ್ಲಿ, ಕನಕಪುರ ರಸ್ತೆಯ ಪಕ್ಕದ ದರ್ಶಿನಿಯ ಮುಂದೆ, ಐದು ಗಂಟೆಯಿಂದ ನಿಂತಿದ್ದೆ. ಒಬ್ಬೊಬ್ಬರೇ ಬರುತ್ತಿದ್ದರು. ಆರು ಆಯಿತು. ಆರೂಕಾಲು ಆಯಿತು. ಮೂರು ಕಾಫಿ ಕುಡಿದೆ. ಪಂಕ್ಚರ್ ಆಗದಿರಲಿ ಎಂದು ಬೇಡಿಕೊಳ್ಳುತ್ತಲೇ ಕೈಗೇನೂ ಆಗದಿರಲಿ ಎಂದೂ ಬೇಡಿಕೊಂಡೆ. ಆರೂ ನಲವತ್ತಕ್ಕೆ ಬಸ್ಸುಗಳ ಹಾರನ್ನಿನ ನಡುವೆ ಟಿಣ್ ಟಿಣ್ ಎಂಬ ಸದ್ದು ಕೇಳಿತು.

ಎಲ್ಲರೂ ಚಪ್ಪಾಳೆ ಹೊಡೆದರು. ಮೇಡಂ ಸೈಕಲ್ ನಿಲ್ಲಿಸಿ ಕಾಲು ಊರಿದರು, ಆದರೆ ಹ್ಯಾಂಡಲ್ ಬಿಡಲಿಲ್ಲ. ಒಂದು ನಿಮಿಷ ಹಾಗೇ ನಿಂತಿದ್ದರು. ಆಮೇಲೆ ಒಂದೊಂದೇ ಬೆರಳನ್ನು ಬಿಡಿಸಿದರು.

"ಬಾರಪ್ಪ ಇಲ್ಲಿ," ಎಂದು ನನ್ನನ್ನು ಕರೆದರು. "ಈ ಹೆಲ್ಮೆಟ್ಟಿನ ಬಕಲ್ ತೆಗಿ. ನನ್ನ ಕೈಲಿ ಆಗ್ತಿಲ್ಲ."

ಗದ್ದದ ಕೆಳಗಿನ ಬಕಲ್ ತೆಗೆದೆ. ಅವರ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಸುತ್ತ ಇದ್ದವರಿಗೆಲ್ಲ ನನ್ನನ್ನು ತೋರಿಸಿ, "ಇನ್ನೂರು ಕಿಲೋಮೀಟರು, ಒಂದೂ ಪಂಕ್ಚರ್ ಇಲ್ಲ! ಇವನೇ ಟೈರ್ ಹಾಕಿದ್ದು," ಎಂದರು. ಇನ್ನೊಮ್ಮೆ ಚಪ್ಪಾಳೆ ಬಿತ್ತು. ನಾನು ಹಲ್ಲು ಕಿರಿದು ಕೈಮುಗಿದೆ. ಗುಂಪು ಚದುರಿದ ಮೇಲೆ ಆಕೆ ಮೆಲ್ಲಗೆ ಹೇಳಿದರು, "ಕೊನೇ ಮೂವತ್ತು ಕಿಲೋಮೀಟರ್ ಬ್ರೇಕನ್ನ ಅಂಗೈಯಲ್ಲಿ ಒತ್ಕೊಂಡು ಬಂದೆ ಕಣಪ್ಪ. ಬೆರಳು ಇದ್ಯೋ ಇಲ್ವೋ ಗೊತ್ತಾಗ್ತಿರ್ಲಿಲ್ಲ. ಒಂದೆರಡು ದಿನ ರೆಸ್ಟ್ ಕೊಟ್ರೆ ಸರಿಹೋಗುತ್ತೆ ಬಿಡು."

ಎರಡು ದಿನಕ್ಕೆ ಸರಿಹೋಗಲಿಲ್ಲ. ಮುಂದಿನ ವಾರ ಕೊಬ್ಬರಿ ಮಿಠಾಯಿ ಡಬ್ಬಿ ಹಿಡಿದು ಬಂದರು. ಡಬ್ಬಿಯನ್ನು ನನ್ನ ಕೈಗೆ ಕೊಡುವಾಗ ಅವರ ಸ್ಕೂಟರ್ ಕೀ ನೆಲಕ್ಕೆ ಬಿತ್ತು. ಬಗ್ಗಿ ಎತ್ತಲು ಹೋದರು. ಹೆಬ್ಬೆರಳು, ತೋರುಬೆರಳು ಕೀಯ ಮೇಲೆ ಎರಡು ಮೂರು ಸಲ ಜಾರಿದವು. ಕೊನೆಗೆ ಎಡಗೈಯಲ್ಲಿ ಎತ್ತಿಕೊಂಡರು. ಆಗಲಾದರೂ ಹೇಳಬೇಕಿತ್ತು. "ಡಾಕ್ಟರಿಗೆ ತೋರ್ಸಿ ಮೇಡಂ," ಎಂದಷ್ಟೇ ಹೇಳಿದೆ.

ಫೆಬ್ರವರಿಯಲ್ಲಿ ಸೈಕಲ್ ತಳ್ಳಿಕೊಂಡೇ ಬಂದರು. ಮಣಿಕಟ್ಟಿಗೆ ಪಟ್ಟಿ ಕಟ್ಟಿದ್ದರು. ಬಲಗೈಯ ಮಣಿಕಟ್ಟಿನಲ್ಲಿ ನರ ಒತ್ತಿಹೋಗಿದೆ ಎಂದಿದ್ದರಂತೆ ಡಾಕ್ಟರು. ಸಣ್ಣ ಆಪರೇಷನ್ ಆಗಬೇಕು, ಸೈಕಲ್ ಸದ್ಯಕ್ಕೆ ಬೇಡ.

"ಈ ವಯಸ್ಸಿಗೆ ಮೊದ್ಲೇ ಸ್ವಲ್ಪ ಇದ್ದಿರಬಹುದು, ಸೈಕಲ್ ಒಂದೇ ಕಾರಣ ಅನ್ನಕ್ಕಾಗಲ್ಲ ಅಂದ್ರು," ಎಂದರು ಮೇಡಂ. "ಮನೇಲಿ ನೋಡ್ತಿದ್ರೆ ಹತ್ತೋಣ ಅನ್ಸುತ್ತೆ. ನಿನ್ನ ಹತ್ರ ಇಟ್ಕೊಂಡಿರು."

ಡಾಕ್ಟರು ಹೇಳಿದ ಆ ಮಾತನ್ನು ನಾನು ತಿಂಗಳುಗಟ್ಟಲೆ ಹಿಡಿದುಕೊಂಡು ಓಡಾಡಿದೆ. ಮೊದಲೇ ಇದ್ದಿರಬಹುದು. ಇರಬಹುದು. ಇದ್ದದ್ದರಿಂದಲೇ ತಾನೇ ಅವರು ಮೊದಲ ದಿನವೇ ಕೈ ಜುಮ್ಮನ್ನಬಾರದು ಎಂದು ಹೇಳಿದ್ದು. ಎಲ್ಲಿ ಸುತ್ತಿ ಬಂದರೂ ಅಲ್ಲಿಗೇ ಬಂದು ನಿಲ್ಲುತ್ತಿತ್ತು.

ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಆ ಬಿರುಸು ಟೈರುಗಳನ್ನು ಬಿಚ್ಚಿದೆ. ಏಜೆಂಟ್‌ಗೆ ಫೋನ್ ಮಾಡಿ, "ನಲವತ್ತಾರು ಕೆಜಿ ಇದ್ದೋರಿಗೆ ಇಪ್ಪತ್ತೆಂಟಕ್ಕೆ ಗಾಳಿ ಎಷ್ಟು ಹಾಕ್ಬೇಕು?" ಎಂದು ಕೇಳಿದೆ. ಅವನು ನಗಲಿಲ್ಲ. "ಮುಂದೆ ಐವತ್ತು, ಹಿಂದೆ ಐವತ್ತೈದು ಹಾಕಿ ನೋಡಣ್ಣ," ಎಂದ. ಹಾಗೆಯೇ ಹಾಕಿದೆ. ಹೆಬ್ಬೆಟ್ಟು ಒತ್ತಿದೆ. ಸ್ವಲ್ಪ ಇಳಿಯಿತು. ಅಪ್ಪ ಇದ್ದಿದ್ದರೆ ಪಂಪ್ ತಾ ಎನ್ನುತ್ತಿದ್ದರು. ಅಂದೇ ಮನೆಯಲ್ಲಿದ್ದ ತೂಕದ ಮೆಷಿನ್ನನ್ನು ಅಂಗಡಿ ಬಾಗಿಲಲ್ಲಿ ತಂದಿಟ್ಟೆ. ಈಗ ಯಾರು ಟೈರಿಗೆ ಬಂದರೂ ಮೊದಲು ಅದರ ಮೇಲೆ ನಿಲ್ಲಬೇಕು. "ಏನಣ್ಣ, ನ್ಯಾಯಬೆಲೆ ಅಂಗಡಿ ಇಟ್ಟಿದ್ಯಾ?" ಎಂದು ಕೆಲವರು ಗೇಲಿ ಮಾಡುತ್ತಾರೆ. ಆಮೇಲೆ ಅವರನ್ನು ಜಲ್ಲಿಯ ಮೇಲೆ ಓಡಿಸಲು ಹೇಳಿ ನಾನು ನಿಂತು ನೋಡುತ್ತೇನೆ. ನಾನು ಹತ್ತಿ ನೋಡುವುದನ್ನು ಬಿಟ್ಟಿದ್ದೇನೆ.

ಆಪರೇಷನ್ ಆಗಿ ಎರಡು ತಿಂಗಳಾದ ಮೇಲೆ, ಜೂನ್ ತಿಂಗಳಲ್ಲಿ, ಮೇಡಂ ಬಂದರು. ಸೈಕಲ್ ನೋಡಿ ಹೋಗೋಣವೆಂದು ಬಂದದ್ದಂತೆ. ಹೊಸ ಟೈರು ಕಣ್ಣಿಗೆ ಬಿದ್ದ ಕೂಡಲೇ, "ಅಗಲ ಇದ್ಯಲ್ಲ! ಯಾಕಪ್ಪ ಬದಲಾಯಿಸ್ದೆ? ಅದು ಚೆನ್ನಾಗೇ ಇತ್ತಲ್ಲ," ಎಂದರು.

ಸ್ಟೂಲ್ ಹಾಕಿ ಕೂರಿಸಿದೆ. ಆಮೇಲೆ ಎಲ್ಲವನ್ನೂ ಹೇಳಿದೆ. ಗಂಟೆ, ರಂಗೋಲಿ ಪುಡಿ, ಹುಣಸೆ ಬೀಜದಷ್ಟು ಗುರುತು, ಬೇರಿಂಗ್ ನೋಡಿದೆ ಎಂದು ಹೇಳಿದ ಸುಳ್ಳು, ಎಂಬತ್ತಕ್ಕೆ ಇಳಿಸಿದ ಗಾಳಿ. ಆಗಲೇ ಅವರು, "ಓ, ಆ ಎಂಬತ್ತು ನೀನು ಇಳಿಸಿದ್ದಾ? ಸೋರಿದೆ ಅಂದ್ಕೊಂಡು ನಾನೇ ತುಂಬ್ದೆ," ಎಂದದ್ದು.

"ಅಂದ್ರೆ ಡಿಸೆಂಬರಲ್ಲೇ ನಿನಗೆ ಗೊತ್ತಿತ್ತು."

"ಗೊತ್ತಿತ್ತು ಮೇಡಂ. ತಪ್ಪಾಯ್ತು."

ಮೇಡಂ ಬಲಗೈಯ ಬೆರಳುಗಳನ್ನು ಎಡಗೈಯಿಂದ ನೀವಿಕೊಂಡರು. ಬೀದಿಯಲ್ಲಿ ಸೊಪ್ಪಿನ ಗಾಡಿಯವಳು ಕೂಗಿಕೊಂಡು ಹೋದಳು. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

"ನೀನು ಹೇಳಿದ್ರೂ ನಾನು ಅದೇ ಟೈರಲ್ಲೇ ಹೋಗ್ತಿದ್ನೋ ಏನೋ," ಎಂದರು ಕೊನೆಗೆ. "ಮುಗಿಸ್ಬೇಕು ಅನ್ನೋ ಹಟ ನನಗೂ ಇತ್ತು. ಆದ್ರೆ ಕೈ ನಂದಲ್ವೇನಪ್ಪ? ನನ್ನ ಒಂದ್ಮಾತು ಕೇಳ್ಬೇಕಿತ್ತು."



ಅವರು ಎದ್ದು ಸೈಕಲ್ ಹತ್ತಿರ ಹೋದರು. ನಾನು ಮಾಡುವುದನ್ನು ಎಷ್ಟೋ ಸಲ ನೋಡಿದ್ದರಲ್ಲ, ಹಾಗೆಯೇ ಬಗ್ಗಿ ಬಲಗೈ ಹೆಬ್ಬೆರಳನ್ನು ಮುಂದಿನ ಟೈರಿನ ಮೇಲಿಟ್ಟು ಒತ್ತಿದರು. ಇನ್ನೂ ಸ್ವಲ್ಪ ಒತ್ತಿದರು. ಉಗುರು ಬಿಳಿಚಿಕೊಂಡಿತು.

"ಗೊತ್ತಾಗ್ತಿಲ್ಲ," ಎಂದರು ನನ್ನ ಕಡೆ ತಿರುಗಿ. "ಬೆರಳಿಗೆ ಇನ್ನೂ ಏನೂ ತಿಳಿಯಲ್ಲ. ನೀನೇ ಒತ್ತಿ ಹೇಳಪ್ಪ, ಮೆತ್ತಗಿದ್ಯಾ?"

ನಾನು ಪಕ್ಕದಲ್ಲಿ ಕೂತು ಅವರ ಬೆರಳಿದ್ದ ಜಾಗದಲ್ಲೇ ಹೆಬ್ಬೆಟ್ಟು ಒತ್ತಿದೆ.

"ಮೆತ್ತಗಿದೆ ಮೇಡಂ," ಎಂದೆ.